ಹಿಮ್ಮಡಿಯ ನಾಲ್ಕು ಹನಿ ರಕ್ತ

ಕೂಸು ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ತಿಂಗಳುಗಳು ಕಳೆದರೂ ಕತ್ತು ನಿಲ್ಲುವುದಿಲ್ಲ. ತಾಯಿಯ ಮುಖ ಗುರುತಿಸುವುದಿಲ್ಲ. ಮನೆಯವರು ಗ್ರಹಚಾರವೆನ್ನುತ್ತಾರೆ, ನೆರೆಹೊರೆಯವರು ತಾಯಿಯನ್ನು ದೂರುತ್ತಾರೆ. ತಪ್ಪು ಗ್ರಹದ್ದೂ ಅಲ್ಲ, ತಾಯಿಯದೂ ಅಲ್ಲ. ತಂದೆತಾಯಿ ಇಬ್ಬರಿಂದಲೂ ಬಂದ ವಂಶದೋಷದಿಂದ ಕೆಲವು ಮಕ್ಕಳ ದೇಹದಲ್ಲಿ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಫಿನೈಲ್‌ಕೀಟೋನ್ಯೂರಿಯ ಎಂಬ ರೋಗದಲ್ಲಿ ಹಾಲಿನ ಪ್ರೋಟೀನಿನ ಒಂದಂಶ ರಕ್ತದಲ್ಲಿ ಶೇಖರವಾಗಿ ಮಿದುಳನ್ನೇ ಕೆಡಿಸುತ್ತದೆ. ಮೊದಲ ವಾರಗಳಲ್ಲೇ ತಿಳಿದು ಆಹಾರ ಬದಲಿಸಿದರೆ ಅದೇ ಮಗು ಎಲ್ಲರಂತೆ ಶಾಲೆಗೆ ಹೋಗಬಲ್ಲದು.

ತಿಳಿಯಲು ಬೇಕಾದುದು ಹಿಮ್ಮಡಿ ಚುಚ್ಚಿ ಸೋಸುಕಾಗದಕ್ಕೆ ಹೀರಿಸಿದ ನಾಲ್ಕು ಹನಿ ರಕ್ತ. 1960ರ ಸುಮಾರಿಗೆ ಅಮೆರಿಕದ ಬಫಲೋ ನಗರದ ಡಾ. ರಾಬರ್ಟ್ ಗತ್ರಿ ಈ ಪರೀಕ್ಷೆಯನ್ನು ರೂಪಿಸಿದರು. ಅವರು 6 ಡಾಲರಿನಲ್ಲಿ ತಯಾರಿಸಿದ್ದ ಸಾಮಗ್ರಿಗೆ, ಹಕ್ಕು ಪಡೆದ ಕಂಪನಿಯೊಂದು 262 ಡಾಲರ್ ಬೆಲೆ ಕಟ್ಟಿತು! ಗತ್ರಿ ಪ್ರತಿಭಟಿಸಿದರು, ಕಂಪನಿಯ ಏಕಸ್ವಾಮ್ಯ ರದ್ದಾಯಿತು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಇಂದು ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಂದೇ ಮಾದರಿಯಿಂದ ಹತ್ತಾರು ರೋಗಗಳ ಸುಳಿವು ಕೊಡುತ್ತದೆ.

ನಮ್ಮಲ್ಲೇನು? 1980ರ ದಶಕದಲ್ಲೇ ಕರ್ನಾಟಕದಲ್ಲಿ ಲಕ್ಷಕ್ಕೂ ಮಿಕ್ಕಿ ಕೂಸುಗಳ ರಕ್ತ ಪರೀಕ್ಷೆಯಾಗಿತ್ತು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿರುವ ಕಡೆ ಈ ರೋಗಗಳ ಸಂಭವವೂ ಹೆಚ್ಚು. ಆದರೂ ದೇಶದ ಪ್ರತಿ ಕೂಸಿಗೂ ಪರೀಕ್ಷೆಯಾಗಲೇಬೇಕೆಂಬ ಕಾನೂನು ಇಂದಿಗೂ ಇಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತವರ ಕೂಸಿಗೆ ಅದುಂಟು. ಗಿರಣಿ ಕೆಲಸಗಾರನ, ಸಣ್ಣ ಅಂಗಡಿಕಾರನ ಕೂಸಿಗೆ ಅದೃಷ್ಟವೇ ಗತಿ.

ರೋಗ ಅಪರೂಪ, ಖರ್ಚು ಅಪಾರ ಎಂದು ಅಧಿಕಾರಿಗಳು ಹೇಳಬಹುದು. ಆದರೆ ಅದೇ ರಕ್ತದಿಂದ ಹುಟ್ಟಿನ ಥೈರಾಯ್ಡ್ ಕೊರತೆಯೂ ಗೊತ್ತಾಗುತ್ತದೆ. ಅದು ಸುಮಾರು ಸಾವಿರಕ್ಕೊಂದು ಕೂಸಿಗೆ ಬರುತ್ತದೆ. ಔಷಧ ಬಲು ಅಗ್ಗದ ಮಾತ್ರೆ. ಕೇರಳದ ಸರಕಾರಿ ಆಸ್ಪತ್ರೆಗಳು ಈ ಕೆಲಸಕ್ಕೆ ಕೈಹಾಕಿವೆ.

ತೊಡಕುಗಳಿಲ್ಲವೆಂದು ನಾವು ಹೇಳುವುದಿಲ್ಲ. ವರದಿ ಬರುವಷ್ಟರಲ್ಲಿ ಬಾಣಂತಿ ತವರಿಗೆ ಹೋಗಿರುತ್ತಾಳೆ. ಮೊದಲ ವರದಿ ತಪ್ಪಾಗಬಹುದು, ಮರುಪರೀಕ್ಷೆ ಬೇಕು. ಕೆಲವು ರೋಗಗಳ ವಿಶೇಷ ಆಹಾರ ಬಹಳ ದುಬಾರಿ. ರೋಗದ ಹೆಸರು ಹೇಳಿ ಚಿಕಿತ್ಸೆ ಕೊಡದೆ ಕಳಿಸುವುದು ಕ್ರೌರ್ಯ.

ಆದ್ದರಿಂದ ನಮ್ಮ ಒತ್ತಾಯವಿಷ್ಟು: ಪ್ರತಿ ಸರಕಾರಿ ಹೆರಿಗೆ ವಾರ್ಡಿನಲ್ಲೂ, ನಮ್ಮ ಕೂಲಿಯಿಂದ ವಂತಿಗೆ ಹಿಡಿಯುವ ಪ್ರತಿ ಇ.ಎಸ್.ಐ. ಆಸ್ಪತ್ರೆಯಲ್ಲೂ ಈ ಪರೀಕ್ಷೆ ಪುಕ್ಕಟೆಯಾಗಿ ನಡೆಯಲಿ. ವರದಿ ಮನೆಗೆ ತಲುಪಲಿ. ಔಷಧ, ಆಹಾರಗಳ ಹೊಣೆಯನ್ನು ಸರಕಾರವೇ ಹೊರಲಿ. ಕೂಸಿನ ಬುದ್ಧಿ ಉಳಿಯುವುದು ತಂದೆಯ ಜೇಬನ್ನು ಅವಲಂಬಿಸಬಾರದು. ಇದು ದಾನವಲ್ಲ, ದುಡಿಯುವವರ ಹಕ್ಕು. ಸಂಘದ ಮುಂದಿನ ಸಭೆಯಲ್ಲಿ ಈ ಬೇಡಿಕೆಯೂ ಇರಲಿ.