ಅಕ್ಷರ ಕಾಣದ ಬೆರಳುಗಳು

ವಿಜಯದಶಮಿಯಂದು ಕೊಲ್ಲೂರಿಗೆ ಹೋದವರು ಶ್ರೀ ಮೂಕಾಂಬಿಕಾ ದೇವಾಲಯದ ಸರಸ್ವತೀ ಮಂಟಪದಲ್ಲಿ ಕಣ್ತುಂಬುವ ದೃಶ್ಯವೊಂದನ್ನು ಕಂಡಿರುತ್ತಾರೆ. ನಮ್ಮ ನಾಡಿನಿಂದಲೂ ಕೇರಳದಿಂದಲೂ ಬಂದ ತಂದೆತಾಯಿಗಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯ ಅಕ್ಕಿಯಲ್ಲಿ ಅದರ ಬೆರಳು ಹಿಡಿದು ಮೊದಲಕ್ಷರವನ್ನು ಬರೆಯಿಸುತ್ತಾರೆ. ಈ ಭಾಗ್ಯವಿಲ್ಲದ ಮಗುವಿನ ಗತಿಯೇನೆಂದು ಯೋಚಿಸಿದಾಗ ನಮಗೆ ನೆನಪಾಗುವುದು 'ಸಲಾಂ ಬಾಂಬೆ' ಚಿತ್ರದ ಬಾಲಕ.

ಮೀರಾ ನಾಯರ್ ನಿರ್ದೇಶಿಸಿದ ಈ ಹಿಂದೀ ಚಿತ್ರ ತೆರೆಕಂಡದ್ದು 1988ರಲ್ಲಿ. ಮನೆಯಿಂದ ದೂರವಾದ ಕೃಷ್ಣನೆಂಬ ಹುಡುಗ ಮುಂಬಯಿಯ ಬೀದಿಗಳಲ್ಲಿ ಚಹಾ ಹಂಚುತ್ತಾನೆ. 500 ರೂಪಾಯಿ ಕೂಡಿಸಿ ತಾಯಿಯ ಬಳಿಗೆ ಮರಳುವುದೇ ಅವನ ಹಂಬಲ. ಅಲ್ಲಿ ಅವನಿಗೆ ಹೆಸರೂ ಉಳಿಯುವುದಿಲ್ಲ. ಎಲ್ಲರಿಗೂ ಅವನು 'ಚಾಯ್‌ಪಾವ್'. ತಾಯಿಗೆ ನಾಲ್ಕು ಮಾತು ತಿಳಿಸಲು ಕಾಗದ ಬರೆದುಕೊಡುವವನ ಮುಂದೆ ಕುಳಿತು ಹೇಳಿ ಬರೆಸಬೇಕು.

ಈ ಚಿತ್ರದಲ್ಲಿ ನಟಿಸಿದವರಲ್ಲಿ ಬಹಳಷ್ಟು ಮಂದಿ ನಿಜವಾದ ಬೀದಿಮಕ್ಕಳು. ಕೃಷ್ಣನಾಗಿ ನಟಿಸಿದ ಶಫೀಕ್ ಸೈಯದ್ ನಮ್ಮ ಬೆಂಗಳೂರಿನಿಂದಲೇ ಮುಂಬಯಿಗೆ ಓಡಿಹೋಗಿದ್ದ ಹುಡುಗ. ಚಿತ್ರಕ್ಕೆ ಕಾನ್ ಉತ್ಸವದಲ್ಲಿ ಚೊಚ್ಚಲ ಚಿತ್ರದ ಪ್ರಶಸ್ತಿ ಬಂತು. ಶಫೀಕ್‌ಗೆ ಶ್ರೇಷ್ಠ ಬಾಲನಟನ ರಾಷ್ಟ್ರಪ್ರಶಸ್ತಿ ದೊರೆಯಿತು. ಆದರೂ ಮುಂದೆ ಆತ ಬೆಂಗಳೂರಿಗೆ ಮರಳಿ ಆಟೋರಿಕ್ಷಾ ಓಡಿಸಿ ಬದುಕಬೇಕಾಯಿತು. ಚಪ್ಪಾಳೆಯಿಂದ ಬಾಳು ಬೆಳಗುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನವೇಕೆ? ಒಂದು ಸಮಾಧಾನವೆಂದರೆ, ಈ ಚಿತ್ರದಿಂದ ಹುಟ್ಟಿದ 'ಸಲಾಂ ಬಾಲಕ್ ಟ್ರಸ್ಟ್' ಇಂತಹ ಮಕ್ಕಳಿಗೆ ಆಸರೆಯಾಗಿದೆ.

ಇದು ಪರವೂರಿನ ಕಥೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಕುಂದಾಪುರದ ಸೀಮೆಯಲ್ಲಿ ಹುಡುಗನನ್ನು ಅಕ್ಕರೆಯಿಂದ 'ಮಾಣಿ' ಎನ್ನುತ್ತಾರೆ. ಹೋಟೆಲಿನಲ್ಲಿ ಅದೇ ಮಾತು ತಿಂಡಿ ತಂದುಕೊಡುವವನ ಹೆಸರಾಯಿತು. ಕರಾವಳಿಯ ಎಷ್ಟೋ ಬಡ ಮಕ್ಕಳು ಒಂದು ಕಾಲದಲ್ಲಿ ಮುಂಬಯಿಗೆ ಹೋಗಿ, ಹಗಲೆಲ್ಲ ಲೋಟ ತೊಳೆದು, ರಾತ್ರಿ ಅಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಆ ಶಾಲೆಗಳಿಂದ ಕೆಲವರು ಮೇಲೆ ಬಂದರು. ಅಲ್ಲಿಗೂ ತಲುಪದವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

14 ವರ್ಷದೊಳಗಿನವರನ್ನು ಹೋಟೆಲು, ಧಾಬಾ ಮತ್ತು ಮನೆಗೆಲಸಕ್ಕೆ ಇಟ್ಟುಕೊಳ್ಳಕೂಡದೆಂಬ ನಿಷೇಧ 2006ರ ಅಕ್ಟೋಬರ್ 10ರಿಂದ ಜಾರಿಯಲ್ಲಿದೆ. 2016ರ ತಿದ್ದುಪಡಿಯು, ಶಾಲೆಯ ಬಿಡುವಿನಲ್ಲಿ ಮನೆಯವರಿಗೆ ನೆರವಾಗುವಂತಹ ಕೆಲವನ್ನು ಬಿಟ್ಟು, ಉಳಿದೆಲ್ಲ ದುಡಿಮೆಗೂ ಅದನ್ನು ವಿಸ್ತರಿಸಿತು. ಆದರೆ ಕಾಯಿದೆಗೆ ಕಣ್ಣಾಗಬೇಕಾದವರು ನಾವು. 'ಬಡವರ ಮಗು, ನಮ್ಮಲ್ಲಿ ಉಂಡುಕೊಂಡಿರಲಿ' ಎಂದು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಕರುಣೆಯಲ್ಲ. ಅನ್ನದೊಡನೆ ಅಕ್ಷರವನ್ನೂ ಕೊಡುವುದೇ ನಿಜವಾದ ದಾಸೋಹ.

ತಾಯಂದಿರೇ, ಯಾತ್ರೆಯ ದಾರಿಯಲ್ಲಿ ಪುಟ್ಟ ಕೈಯೊಂದು ಚಹಾ ತಂದಿಟ್ಟರೆ ಅದರ ಹೆಸರು ಕೇಳಿರಿ, ಶಾಲೆ ಯಾವುದೆಂದು ವಿಚಾರಿಸಿರಿ. ಉತ್ತರ ಬಾರದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿರಿ. ನಮ್ಮ ಮಗುವಿಗೆ ಅಕ್ಷರಾಭ್ಯಾಸ ಮಾಡಿಸಿ ಬರುವ ದಿನ, ಮತ್ತೊಂದು ಮಗುವಿನ ಪುಸ್ತಕದ ಖರ್ಚನ್ನೂ ವಹಿಸಿಕೊಳ್ಳೋಣ.