ಎಡಕ್ಕೆ ಜಗ್ಗುವ ರೆಕ್ಕೆ

ಮನೆಯಲ್ಲಿ ಹಪ್ಪಳ ಮಾಡುವವರುಂಟು, ಮೇಜು ಕುರ್ಚಿ ಮಾಡಿಕೊಳ್ಳುವವರುಂಟು; ವಿಮಾನವನ್ನೇ ಕಟ್ಟುವವರೂ ಉಂಟೆಂದರೆ ವಾಚಕರು ನಕ್ಕಾರು. ಅಮೆರಿಕದಲ್ಲಿ ಇದು ನಗೆಯ ಮಾತಲ್ಲ. 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬಾತ ಮಿಲ್ವಾಕಿ ನಗರದಲ್ಲಿ ಇಂಥ ಹವ್ಯಾಸಿಗಳ ಸಂಘವೊಂದನ್ನು ಸ್ಥಾಪಿಸಿದನು. ನಕಾಶೆ ತರಿಸಿಕೊಂಡು, ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಉಕ್ಕಿನ ಕೊಳವೆಗಳನ್ನು ಬೆಸೆದು ಒಡಲನ್ನೂ, ಮರದ ತೊಲೆ ಪಕ್ಕೆಲುಬುಗಳ ಮೇಲೆ ಬಟ್ಟೆ ಬಿಗಿದು ರೆಕ್ಕೆಗಳನ್ನೂ ಸಿದ್ಧಪಡಿಸುವವರು ಅಲ್ಲಿ ಅನೇಕರಿದ್ದಾರೆ. ಒಂದರ ಮೇಲೊಂದು ರೆಕ್ಕೆಯುಳ್ಳ ಪುಟ್ಟ ಬೈಪ್ಲೇನೆಂದರೆ ಅವರಲ್ಲಿ ಹಲವರಿಗೆ ವಿಶೇಷ ಮೋಹ.

ಕಟ್ಟಿದವನೇ ಕೊನೆಯವರೆಗೂ ಹಾರಿಸುತ್ತಾನೆಂಬ ನಿಯಮವೇನೂ ಇಲ್ಲ. ವಯಸ್ಸಾಗುತ್ತದೆ, ವಿಮಾನ ಕೈಬದಲಾಗುತ್ತದೆ. ಆದರೆ ಕಟ್ಟಿದವನ ತಿಳಿವಳಿಕೆ ಅದರೊಡನೆ ಬರುವುದಿಲ್ಲ. ಕಾನೂನಿಗೂ ಈ ಭೇದ ಗೊತ್ತು. ವಾರ್ಷಿಕ ತಪಾಸಣೆ ನಡೆಸಿ ಸಹಿ ಹಾಕುವ ಅಧಿಕಾರ ಕಟ್ಟಿದವನಿಗೆ ದೊರೆಯಬಹುದು. ಕೊಂಡವನಿಗೆ ಅದು ತಾನಾಗಿ ಬರುವುದಿಲ್ಲ. ದುರಸ್ತಿಗೆ ಮಾತ್ರ ತಾನೇ ಕೈಹಾಕಬಹುದು.

ಅಂಥ ವಿಮಾನವೊಂದನ್ನು ಒಬ್ಬಾತ ಕೊಂಡನೆನ್ನಿ. ರೆಕ್ಕೆ ಕಳಚಿ, ಬಂಡಿಯ ಮೇಲೆ ಹೇರಿ ತಂದು, ಮತ್ತೆ ಜೋಡಿಸಿದ್ದಾಯಿತು. ಮೇಲೇರಿ ಹಿಡಿಕೋಲನ್ನು ಬಿಟ್ಟೊಡನೆ ಎಡರೆಕ್ಕೆ ಕೆಳಗಿಳಿಯುತ್ತದೆ. ಬಲಕ್ಕೆ ಒತ್ತಿ ಹಿಡಿದೇ ಇರಬೇಕು. ತೋಳು ಸೋಲುವುದು ಹಾಗಿರಲಿ. ಎರಡು ಪಕ್ಕಗಳು ಗಾಳಿಗೆ ಬೇರೆಬೇರೆ ಕೋನದಲ್ಲಿ ನಿಂತಿದ್ದರೆ, ವೇಗ ತಗ್ಗಿದಾಗ ಒಂದು ಪಕ್ಕ ಮೊದಲು ಎತ್ತುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನೆಲ ಹತ್ತಿರವಿರುವಾಗ ಹಾಗಾದರೆ ಸುಧಾರಿಸಿಕೊಳ್ಳಲು ಎಡೆಯಿಲ್ಲ.

ಸುಲಭೋಪಾಯವೊಂದುಂಟು: ರೆಕ್ಕೆಯ ಹಿಂಚಿನ ಮಡಿಕೆಗೆ ಸಣ್ಣ ತಗಡೊಂದನ್ನು ಸೇರಿಸಿ ಬಗ್ಗಿಸುವುದು. ಅದು ಹುಣ್ಣಿನ ಮೇಲೆ ಜರಿಶಾಲು ಹೊದಿಸಿದಂತೆ. ಮೊದಲು ಅಳೆಯಬೇಕು.

ಅಳತೆಗೆ ಬೇಕಾದವು ಗಾರೆ ಕೆಲಸದವರ ಸಾಮಾನುಗಳೇ: ರಸಮಟ್ಟ, ತೂಗುಗುಂಡು, ಅಳತೆಪಟ್ಟಿ, ಜೊತೆಗೊಂದು ಕೋನಮಾಪಕ. ಬಾಲವನ್ನೆತ್ತಿ ಒಡಲನ್ನು ಉದ್ದಕ್ಕೂ ಅಡ್ಡಕ್ಕೂ ಸಮಮಟ್ಟದಲ್ಲಿ ನಿಲ್ಲಿಸಬೇಕು. ರೆಕ್ಕೆತುದಿಯಿಂದ ಬಾಲಕ್ಕೂ ಮೂತಿಗೂ ಇರುವ ದೂರ ಎರಡು ಕಡೆಯೂ ಒಂದೇ ಆಗಿರಬೇಕು. ಮೇಲಿನ ರೆಕ್ಕೆಯ ಮುಂಚಿನಿಂದ ಗುಂಡನ್ನು ಇಳಿಬಿಟ್ಟರೆ ಅದು ಕೆಳರೆಕ್ಕೆಗಿಂತ ಎಷ್ಟು ಮುಂದಿದೆಯೆಂಬುದು ತಿಳಿಯುತ್ತದೆ. ಅನಂತರ ರೆಕ್ಕೆಯ ಕೋನವನ್ನು ಬುಡದಲ್ಲಿಯೂ ತುದಿಯ ಸಮೀಪದಲ್ಲಿಯೂ ನೋಡಬೇಕು. ಬುಡದಲ್ಲಿ ಎಡಬಲ ಸಮವಾಗಿದ್ದು, ತುದಿಯ ಬಳಿ ಎಡಗಡೆ ಅರ್ಧ ಡಿಗ್ರಿ ಕಡಿಮೆಯಾಗಿದ್ದರೆ ಕಳ್ಳ ಸಿಕ್ಕಿಬಿದ್ದಂತೆ: ರೆಕ್ಕೆ ತಿರುಚಿಕೊಂಡಿದೆ.

ರೈಟ್ ಸೋದರರು ಇದೇ ತಿರುಚನ್ನು ಬೇಕೆಂದೇ ಬಳಸಿದರು. 1903ರ ಡಿಸೆಂಬರ್ 17ರಂದು ಹಾರಿದ ಅವರ ಬೈಪ್ಲೇನಿನಲ್ಲಿ ಚಾಲಕನು ರೆಕ್ಕೆಗಳನ್ನು ತಿರುಚಿಯೇ ಪಕ್ಕದ ಸಮತೋಲವನ್ನು ಕಾಯುತ್ತಿದ್ದನು. ಅವರು ಸೈಕಲ್ ಅಂಗಡಿಯವರು. ಸೈಕಲ್ ಚಕ್ರದ ಬೆಂಡು ತೆಗೆಯುವುದನ್ನು ನೋಡಿದವರಿಗೆ ಮುಂದಿನ ಕೆಲಸವೂ ಅರ್ಥವಾದೀತು: ಒಂದು ಕಡ್ಡಿ ಬಿಗಿಯಬೇಕಾದರೆ ಎದುರು ಕಡ್ಡಿ ಸಡಿಲವಾಗಬೇಕು.

ಬೈಪ್ಲೇನಿನ ರೆಕ್ಕೆಗಳ ನಡುವೆ ಎರಡು ಬಗೆಯ ತಂತಿಗಳು. ಒಡಲಿನ ಕೆಳಗಿನಿಂದ ಮೇಲ್ರೆಕ್ಕೆಗೆ ಹೋಗುವವು ಹಾರುವಾಗ ಭಾರ ತಾಳುತ್ತವೆ. ಮೇಲಿನಿಂದ ಕೆಳರೆಕ್ಕೆಗೆ ಇಳಿಯುವವು ನೆಲದ ಮೇಲಿದ್ದಾಗ ರೆಕ್ಕೆಗಳನ್ನು ಹೊತ್ತಿರುತ್ತವೆ. ಎಡಗಡೆಯ ಕೋನ ಹೆಚ್ಚಬೇಕಾದರೆ ಹಿಂಚು ತುಸು ಇಳಿಯಬೇಕು. ಆದಕಾರಣ ಹಿಂದಿನ ಇಳಿತಂತಿಯನ್ನು ಸಡಿಲಿಸಿ ಹಿಂದಿನ ಏರುತಂತಿಯನ್ನು ಬಿಗಿಯುವುದು, ಅದೂ ಅರ್ಧರ್ಧ ಸುತ್ತು. ತಂತಿಯ ಒಂದು ತುದಿಗೆ ಬಲಮರೆ, ಇನ್ನೊಂದಕ್ಕೆ ಎಡಮರೆ; ತಿರುಗಿಸಿದರೆ ಎರಡು ಕಡೆಯೂ ಒಟ್ಟಿಗೆ ಒಳಸೇರುತ್ತದೆ. ಒಳಸೇರಿದ ಮರೆ ಸಾಕಷ್ಟಿದೆಯೇ ಎಂದು ಪರೀಕ್ಷಿಸದೆ ನಟ್ಟು ಬಿಗಿಯುವವನು ಅವಿವೇಕಿ. ತಂತಿಗಳೆಲ್ಲ ಸಡಿಲವಾದಾಗಲೂ ತಿರುಚು ಹೋಗದಿದ್ದರೆ ದೋಷ ಮರದಲ್ಲಿಯೇ ಅಡಗಿದೆ. ಆಗ ಬಟ್ಟೆ ಬಿಚ್ಚದೆ ಗತಿಯಿಲ್ಲ.

ಮತ್ತೆ ಅಳೆದು, ಮತ್ತೆ ಹಾರಬೇಕು. ಮೊದಲ ಸಲಕ್ಕೇ ವಿಮಾನ ನೆಟ್ಟಗೆ ನಿಂತೀತೆಂಬ ಭರವಸೆಯಿಲ್ಲ. ಕೆಲವೊಮ್ಮೆ ಬಲಕ್ಕೆ ವಾಲುವುದೂ ಉಂಟು. ಆಗ ಅರ್ಧ ಸುತ್ತು ಹಿಂದಕ್ಕೆ. ಪ್ರತಿ ತಿರುವನ್ನೂ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಹಿಂದಿನವನು ಬರೆದಿಟ್ಟಿದ್ದರೆ ಇಷ್ಟೆಲ್ಲ ಪಾಡು ಬೇಕಿರಲಿಲ್ಲ.