ಚಂಡಶಾಸನನನ್ನು ಮುಚ್ಚಿಡುವವರು

ಜನ್ನನ ‘ಅನಂತನಾಥ ಪುರಾಣ’ವು ಬಸದಿಯ ಗ್ರಂಥಭಂಡಾರದಲ್ಲಿರಲಿ, ಆದರೆ ಅದರೊಳಗಿನ ಚಂಡಶಾಸನನ ಪ್ರಸಂಗವನ್ನು ಹೆಣ್ಣುಮಕ್ಕಳ ಮುಂದೆ ಓದಲಾಗದು ಎಂಬ ವಾದ ಆಗಾಗ ಕೇಳಿಬರುತ್ತದೆ. ಮಿತ್ರನಾದ ವಸುಷೇಣನಲ್ಲಿಗೆ ಅತಿಥಿಯಾಗಿ ಬಂದವನು ಅವನ ಮಡದಿ ಸುನಂದೆಯನ್ನು ಹೊತ್ತೊಯ್ದು, ಒಲಿಯೆಂದು ಪೀಡಿಸಿ, ಕಡೆಗೆ ಪತಿಯ ಹುಸಿತಲೆಯನ್ನು ತೋರಿಸಿ ಅವಳ ಸಾವಿಗೆ ಕಾರಣನಾಗುತ್ತಾನೆ. ತಾನೂ ಅವಳ ಚಿತೆಯೇರುತ್ತಾನೆ. ಇಂಥ ಕಥೆ ಶ್ರಾವಕರ ಮನೆಗೆ ಸಲ್ಲದೆನ್ನುವವರು ತತ್ತ್ವಾರ್ಥಸೂತ್ರವನ್ನೇ ಆಧಾರವಾಗಿ ಹಿಡಿಯುತ್ತಾರೆ. ಬ್ರಹ್ಮಚರ್ಯವ್ರತದ ಭಾವನೆಗಳಲ್ಲಿ ರಾಗವನ್ನು ಕೆರಳಿಸುವ ಸ್ತ್ರೀಕಥೆಗಳ ಶ್ರವಣತ್ಯಾಗವೂ ಒಂದಷ್ಟೆ.

ಆಧಾರವೇನೋ ಸರಿ, ಅನ್ವಯ ಸರಿಯಲ್ಲ. ಅಲ್ಲಿ ತ್ಯಾಜ್ಯವಾದುದು ರಾಗವನ್ನು ಬೆಳೆಸುವ ಕಥೆ. ರಾಗದ ಫಲವನ್ನು ತೋರಿಸಿ ಮನಸ್ಸನ್ನು ಅದರಿಂದ ವಿಮುಖಗೊಳಿಸುವ ಕಥೆಗೆ ಶಾಸ್ತ್ರಕಾರರು ನಿರ್ವೇದನೀ ಎಂಬ ಬೇರೆ ಹೆಸರನ್ನೇ ಕೊಟ್ಟಿದ್ದಾರೆ. ತಮ್ಮನ ಹೆಂಡತಿಯ ಮೇಲೆ ಕಣ್ಣಿಟ್ಟ ಕಮಠನನ್ನು ಬಿಟ್ಟು ಪಾರ್ಶ್ವನಾಥರ ಭವಾವಳಿಯನ್ನು ಯಾರು ತಾನೆ ಹೇಳಬಲ್ಲರು?

ಪದ್ಯಗಳ ಸೊಬಗಿಗೆ ಮಾರುಹೋಗಿ ಚಂಡಶಾಸನನನ್ನು ಮಹಾಪ್ರೇಮಿಯೆಂದು ಕೊಂಡಾಡುವ ರಸಿಕರಿಂದಲೂ ಕಾವ್ಯಕ್ಕೆ ಅಷ್ಟೇ ಅನ್ಯಾಯ. ಸುನಂದೆ ಒಲ್ಲೆನೆಂದಳು. ಚಿತೆಯೇರಿದ ಮಾತ್ರಕ್ಕೆ ಅಪಹರಣವು ಪ್ರೇಮವಾಗದು. ಆದರೂ ಓದುಗನ ಮರುಕ ಒಂದು ಕ್ಷಣ ಅವನತ್ತ ವಾಲುತ್ತದೆ. ಕವಿ ಬಲ್ಲಿದನಾದುದರಿಂದಲೇ ಹಾಗಾಗುವುದು. ನೀಚನನ್ನು ಮೊದಲಿನಿಂದಲೂ ನೀಚನಾಗಿಯೇ ಚಿತ್ರಿಸಿದ್ದರೆ ಓದುಗ ನಿಶ್ಚಿಂತನಾಗಿರುತ್ತಿದ್ದ. ಮಾನ್ಯನೆಂದು, ಮಿತ್ರನೆಂದು, ಅತಿಥಿಯೆಂದು ಪೀಡಕನು ಮನೆಯೊಳಕ್ಕೆ ಬರುತ್ತಾನೆಂಬುದನ್ನು 1230ರಲ್ಲಿಯೇ ಜನ್ನ ತಿಳಿಸಿದ್ದಾನೆ. ತನ್ನ ಮನಸ್ಸು ಯಾವ ಪದ್ಯದಲ್ಲಿ ಅವನ ಪಕ್ಷ ವಹಿಸಿತೆಂದು ಸ್ವಾಧ್ಯಾಯಿಯು ಕೇಳಿಕೊಳ್ಳಲಿ. ಪ್ರತಿಕ್ರಮಣಕ್ಕೆ ಅದಕ್ಕಿಂತ ಒಳ್ಳೆಯ ವಿಷಯ ದೊರೆಯದು. ಕತ್ತರಿಸಿದ ಪುರಾಣದಲ್ಲಿ ಈ ಪರೀಕ್ಷೆಗೆ ಎಡೆಯೆಲ್ಲಿ?

ಪ್ರಸಂಗವನ್ನು ಕತ್ತರಿಸಲು ಇಷ್ಟು ಉತ್ಸುಕರಾದ ಆಡಳಿತ ಮಂಡಳಿಗಳು ಇನ್ನೊಂದು ಗ್ರಂಥವನ್ನೂ ತೆರೆದು ನೋಡಬೇಕು. 1997ರ ವಿಶಾಖಾ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ, ತರುವಾಯ 2013ರ ಕಾಯಿದೆಯೂ ಹೆಣ್ಣಿಗೆ ಬೇಡವಾದ ನಡವಳಿಕೆಯನ್ನೇ ಲೈಂಗಿಕ ಕಿರುಕುಳದ ಲಕ್ಷಣವಾಗಿ ಹೇಳಿವೆ. ಸುನಂದೆಯ ನಿರಾಕರಣೆಗೂ ಈ ಲಕ್ಷಣಕ್ಕೂ ಎಷ್ಟು ದೂರ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಮಹಿಳೆಯದು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನವರೊಬ್ಬರು. ಟ್ರಸ್ಟುಗಳು ನಡೆಸುವ ಶಾಲೆ, ವಿದ್ಯಾರ್ಥಿನಿಲಯಗಳಿಗೂ ಇದರಿಂದ ವಿನಾಯಿತಿಯಿಲ್ಲ. ಪುರಾಣವನ್ನು ಕೇಳಿದ ಶಿಕ್ಷಕಿಗೋ ಅಡುಗೆಯ ಹೆಂಗಸಿಗೋ ತನಗಾದುದನ್ನು ಹೇಳಲು ಧೈರ್ಯ ಬಂದರೆ, ಕೇಳುವವರು ಅಲ್ಲಿರುವರೆ? ಸದಸ್ಯರ ಹೆಸರುಗಳು ಕಚೇರಿಯ ಗೋಡೆಯ ಮೇಲಿವೆಯೆ? ಗ್ರಂಥಭಂಡಾರದ ಬೀಗದ ವಿಚಾರಕ್ಕೆ ಮೊದಲು ಟ್ರಸ್ಟಿಗಳು ಈ ಎರಡು ಪ್ರಶ್ನೆಗಳನ್ನು ಮುಂದಿನ ಸಭೆಯಲ್ಲಿ ಎತ್ತಲಿ.